ಮೊಬೈಲ್‌ನಲ್ಲೇ ಶಾಖೆಗಳ ನೆಟ್‌ವರ್ಕ್ ನೋಡಿಕೊಳ್ಳುವುದು: ನನ್ನ ಅನುಭವ

ಮಲೆನಾಡಿನ ಒಂದು ಸಹಕಾರ ಸಂಘದ ಶಾಖೆಗಳ ನೆಟ್‌ವರ್ಕ್ ನನ್ನ ಜವಾಬ್ದಾರಿ. ಮುಖ್ಯ ಕಚೇರಿ ಶಿವಮೊಗ್ಗದಲ್ಲಿದೆ. ಶಾಖೆಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹರಡಿಕೊಂಡಿವೆ. ಒಂದು ಶಾಖೆಯಲ್ಲಿ ನೆಟ್ ನಿಂತರೆ ಪಾಸ್‌ಬುಕ್ ಎಂಟ್ರಿ ನಿಲ್ಲುತ್ತದೆ. ಅಡಿಕೆ ಮಾರಿದ ದುಡ್ಡು ತೆಗೆಯಲು ಬಂದವರು ಬೆಂಚಿನ ಮೇಲೆ ಕಾಯುತ್ತಾ ಕೂರುತ್ತಾರೆ. ನಾನು ಬಸ್ ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅದಕ್ಕೇ ಈ ಕೆಲಸದ ಬಹುಪಾಲನ್ನು ಮೊಬೈಲ್‌ನಿಂದಲೇ ಮಾಡುವ ಹಾಗೆ ಎಲ್ಲವನ್ನೂ ಕಟ್ಟಿಕೊಂಡಿದ್ದೇನೆ.

ಈ ವಿಷಯ ಬಂದರೆ ಎಲ್ಲರೂ ಮೊದಲು ಕೇಳೋದು ಯಾವ ಆ್ಯಪ್ ಅಂತ. ನನ್ನ ಪ್ರಕಾರ ಆ್ಯಪ್ ಕೊನೆಗೆ ನೋಡಬೇಕಾದ್ದು. ಹೊರಗಿನಿಂದ ಶಾಖೆಯೊಳಗೆ ಹೋಗಲು ಒಂದು ಭದ್ರವಾದ ದಾರಿ ಬೇಕು. ಮಾಡಿದ ಬದಲಾವಣೆ ಕೈಕೊಟ್ಟರೆ ಅದು ತಾನಾಗಿ ಹಿಂದಕ್ಕೆ ಹೋಗುವ ಏರ್ಪಾಡು ಬೇಕು. ಇವೆರಡನ್ನೂ ಕಂಪ್ಯೂಟರ್ ಮುಂದೆ ಕೂತು ನಿಧಾನವಾಗಿ ಸಿದ್ಧ ಮಾಡಿದ್ದರೆ, ಆಮೇಲೆ ಫೋನ್ ಸಾಕು.

ಮೊದಲು ಒಳಗೆ ಹೋಗುವ ದಾರಿ. ನಮ್ಮ ಬಹುತೇಕ ಶಾಖೆಗಳ ಫೈಬರ್ ಸಂಪರ್ಕಕ್ಕೆ ಹೊರಗಿನಿಂದ ತಲುಪಬಹುದಾದ ಐಪಿ (ನೆಟ್‌ವರ್ಕ್‌ನಲ್ಲಿ ಸಾಧನದ ವಿಳಾಸ) ಇಲ್ಲ. ರೂಟರ್‌ನಲ್ಲಿ ನೋಡಿದರೆ 100.64 ಎಂದೋ 100.90 ಎಂದೋ ಶುರುವಾಗುವ ಐಪಿ ಕಾಣುತ್ತದೆ. 100.64.0.0ರಿಂದ 100.127.255.255ರ ತನಕದ ಈ ಸಾಲನ್ನು 2012ರಲ್ಲಿ ಇಂಟರ್ನೆಟ್ ಸೇವೆ ಕೊಡುವವರಿಗೆಂದೇ ಎತ್ತಿಟ್ಟರು. ಐಪಿಗಳು ಸಾಲದೆ ಬಂದಾಗ ಒಂದೇ ಹೊರ ಐಪಿಯ ಹಿಂದೆ ತುಂಬಾ ಗ್ರಾಹಕರನ್ನು ಕೂರಿಸುವ ವ್ಯವಸ್ಥೆ ಇದು. ಸಿಜಿನ್ಯಾಟ್ ಅಂತಾರೆ. ಇದರೊಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ಒಳಗೆ ಬರಲು ಆಗಲ್ಲ. ಹೊರಗಿನಿಂದ ಬಂದದ್ದನ್ನು ಒಳಗಿನ ಸಾಧನಕ್ಕೆ ಕಳಿಸುವ ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನ ಇಲ್ಲ.

ಹಾಗಾಗಿ ದಿಕ್ಕನ್ನೇ ತಿರುಗಿಸಿದೆ. ತಿಂಗಳ ಬಾಡಿಗೆಗೆ ಒಂದು ಸಣ್ಣ ಲಿನಕ್ಸ್ ವಿಪಿಎಸ್, ಅಂದರೆ ಇಂಟರ್ನೆಟ್‌ನಲ್ಲಿ ಸದಾ ಓಡುವ ಸರ್ವರ್, ತೆಗೆದುಕೊಂಡೆ. ಅದಕ್ಕೆ ಸ್ಥಿರವಾದ ಐಪಿ ಇದೆ. ಪ್ರತಿ ಶಾಖೆಯ ರೂಟರ್ ತಾನೇ ಹೊರಟು ಆ ವಿಪಿಎಸ್‌ಗೆ ವೈರ್‌ಗಾರ್ಡ್ ಸುರಂಗ, ಅಂದರೆ ಗೂಢಲಿಪಿಯ ವಿಪಿಎನ್ ಸಂಪರ್ಕ, ಹಾಕಿಕೊಳ್ಳುತ್ತದೆ. ನನ್ನ ಫೋನ್ ಕೂಡ ಅಲ್ಲಿಗೇ ಬರುತ್ತದೆ. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲ್ 5.6ರ ಒಳಗೇ ಸೇರಿತು. ನಮ್ಮಲ್ಲಿರುವುದು ಮೈಕ್ರೋಟಿಕ್ ರೂಟರ್‌ಗಳು, ಅವುಗಳ ರೂಟರ್‌ಓಎಸ್ 7ರಲ್ಲಿ ಇದು ಇದ್ದೇ ಇದೆ. ಶಾಖೆ ಕಡೆ ಕೀಪ್‌ಅಲೈವ್ (ಆಗಾಗ ಒಂದು ಖಾಲಿ ಪ್ಯಾಕೆಟ್ ಕಳಿಸುವುದು) 25 ಸೆಕೆಂಡ್ ಅಂತ ಹಾಕಲೇಬೇಕು. ಇಲ್ಲದಿದ್ದರೆ ಮಾತುಕತೆ ಇಲ್ಲದ ಹೊತ್ತಿನಲ್ಲಿ ಸಿಜಿನ್ಯಾಟ್ ಆ ದಾರಿಯನ್ನು ಮರೆತುಬಿಡುತ್ತದೆ. ನೀವು ಫೋನ್‌ನಿಂದ ಎಷ್ಟು ಬಾಗಿಲು ತಟ್ಟಿದರೂ ಶಾಖೆ ಸಿಗಲ್ಲ.

ಇದಕ್ಕೆ ಮೊದಲೇ ಮಾಡಬೇಕಾದ ಬೇಜಾರಿನ ಕೆಲಸ ಒಂದಿದೆ. ಎಲ್ಲ ಶಾಖೆಯಲ್ಲೂ 192.168.1 ಅಂತಲೇ ಇರುತ್ತದೆ ಅಲ್ವಾ? ಹಾಗಿದ್ದರೆ ಯಾವ ಶಾಖೆಯ ಪ್ರಿಂಟರ್ ಅಂತ ವಿಪಿಎಸ್‌ಗೆ ಹೇಗೆ ಗೊತ್ತಾಗಬೇಕು? ಸಾಗರಕ್ಕೆ 10.20.1, ಹೊಸನಗರಕ್ಕೆ 10.20.2 ಹೀಗೆ ಎಲ್ಲವನ್ನೂ ಬದಲಿಸಿದೆ. ಕೈಯಾರೆ ಐಪಿ ಕೊಟ್ಟಿದ್ದ ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್ ಎಲ್ಲ ಹುಡುಕಿ ಸರಿ ಮಾಡಬೇಕಾಯಿತು. ಇದನ್ನು ಮಾತ್ರ ಶಾಖೆಗೆ ಹೋಗಿಯೇ ಮಾಡಿದೆ. ಫೋನ್‌ನ ವೈರ್‌ಗಾರ್ಡ್‌ನಲ್ಲಿ 10.20.0.0/16 (10.20 ಎಂದು ಶುರುವಾಗುವ ಎಲ್ಲ ಐಪಿ) ಒಂದನ್ನೇ ಬಿಟ್ಟಿದ್ದೇನೆ. ಕಚೇರಿಗೆ ಹೋಗುವುದಷ್ಟೇ ಸುರಂಗದಲ್ಲಿ ಹೋಗುತ್ತದೆ, ನನ್ನ ಉಳಿದ ಬಳಕೆ ನೇರ ಹೋಗುತ್ತದೆ. ಅದಕ್ಕೇ ವೈರ್‌ಗಾರ್ಡ್ ದಿನವಿಡೀ ಆನ್ ಇರುತ್ತದೆ.

ಇನ್ನು ಫೋನ್. ನೋಕಿಯಾದ ಸಿಂಬಿಯನ್ ಫೋನ್‌ಗಳ ಕಾಲದಲ್ಲೂ ಪುಟ್ಟಿ ಎಂಬ ಆ್ಯಪ್ ಹಾಕಿಕೊಂಡು ಸರ್ವರ್‌ಗೆ ಲಾಗಿನ್ ಆಗಬಹುದಿತ್ತು. ಈಗ ಆಂಡ್ರಾಯ್ಡ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡುವ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಇದೆ, ನನಗೆ ಅದೇ ಸಾಕು. ಎಫ್‌-ಡ್ರಾಯ್ಡ್ ಎಂಬ ಆ್ಯಪ್ ಸ್ಟೋರ್‌ನಿಂದ ಹಾಕಿಕೊಂಡಿದ್ದೇನೆ. ಕೀಬೋರ್ಡ್ ಮೇಲೆ ಕಂಟ್ರೋಲ್, ಟ್ಯಾಬ್, ಬಾಣದ ಗುರುತುಗಳ ಒಂದು ಸಾಲು ಸಿಗುತ್ತದೆ. ಅದಿಲ್ಲದೆ ಟರ್ಮಿನಲ್ ಕೆಲಸ ಹಿಂಸೆ.

ಟರ್ಮಕ್ಸ್‌ನಿಂದ ವಿಪಿಎಸ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಲಾಗಿನ್ ಆಗುವ ವಿಧಾನ) ಬದಲು ಮೋಶ್ ಬಳಸುತ್ತೇನೆ. ಅಲ್ಲಿ ಸಂಪರ್ಕ ಹೋದರೂ ತೆರೆದ ಟರ್ಮಿನಲ್ ಉಳಿಸಿಕೊಳ್ಳುವ ಟಿಮಕ್ಸ್ ಒಳಗೆ ಕೂತು, ಅಲ್ಲಿಂದ ಶಾಖೆಯ ರೂಟರ್‌ಗೆ ಎಸ್‌ಎಸ್‌ಎಚ್ ಮಾಡುತ್ತೇನೆ. ಮೋಶ್ ಯುಡಿಪಿ ಮೇಲೆ, ಅಂದರೆ ಸತತ ಸಂಪರ್ಕ ಹಿಡಿದಿಡದ ವಿಧಾನದಲ್ಲಿ, ನಡೆಯುತ್ತದೆ. ಸಿಗ್ನಲ್ ಹೋದರೆ ಸುಮ್ನೆ ಕಾಯುತ್ತದೆ, ಬಂದ ಕೂಡಲೇ ಅದೇ ಸಾಲಿನಿಂದ ಮುಂದುವರಿಯುತ್ತದೆ. ಒತ್ತಿದ ಅಕ್ಷರವನ್ನು ಅಲ್ಲಿಂದ ಉತ್ತರ ಬರುವ ಮೊದಲೇ ತೋರಿಸುತ್ತದೆ. ಆಗುಂಬೆ ಕಡೆ ಓಡಾಡುವವರಿಗೆ ಗೊತ್ತು, ಎರಡು ತಿರುವಿನ ನಡುವೆ ಸಿಗ್ನಲ್ ಬಂದು ಹೋಗುತ್ತದೆ. ಅಂಥ ಕಡೆ ಬರೀ ಎಸ್‌ಎಸ್‌ಎಚ್‌ನಲ್ಲಿ ಅಕ್ಷರ ಮೂಡುವುದನ್ನೇ ಕಾಯುತ್ತಾ ಕೂರಬೇಕು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ದೂರದಿಂದ ರೂಟರ್ ಮುಟ್ಟುವಾಗ ಇರುವ ದೊಡ್ಡ ಅಪಾಯ, ನಾವು ಹತ್ತಿರುವ ಕೊಂಬೆಯನ್ನೇ ಕಡಿದುಕೊಳ್ಳುವುದು. ಫೈರ್‌ವಾಲ್‌ನಲ್ಲಿ ಒಂದು ರೂಲ್ ಮೇಲೆ ಕೆಳಗೆ ಆದರೆ ಸಾಕು, ರೂಟರ್ ಒಳಗೆ ನಾವೇ ಹೋಗಲು ಆಗಲ್ಲ. ಮೈಕ್ರೋಟಿಕ್‌ನಲ್ಲಿ ಇದಕ್ಕೆ ಸೇಫ್ ಮೋಡ್ ಇದೆ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಕ್ಸ್ ಒತ್ತಿದರೆ ಪ್ರಾಂಪ್ಟ್‌ನಲ್ಲಿ ಸೇಫ್ ಅಂತ ಬರುತ್ತದೆ. ಆಮೇಲೆ ಮಾಡಿದ್ದೆಲ್ಲ ತಾತ್ಕಾಲಿಕ. ಎಲ್ಲ ಸರಿ ಇದೆ ಅಂತ ನೋಡಿ ಮತ್ತೆ ಕಂಟ್ರೋಲ್ ಎಕ್ಸ್ ಒತ್ತಿದರೆ ಖಾಯಂ. ಅಷ್ಟರಲ್ಲಿ ಸಂಪರ್ಕ ಕಡಿದರೆ ರೂಟರ್ ಕೆಲ ನಿಮಿಷ ಕಾದು ಹಳೆಯ ಸ್ಥಿತಿಗೆ ತಾನೇ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೂಟರ್ ನೋಡುವುದು ತನಗೆ ಬಂದಿರುವ ಎಸ್‌ಎಸ್‌ಎಚ್ ಸಂಪರ್ಕ ಬದುಕಿದೆಯಾ ಅಂತ ಮಾತ್ರ. ಆ ಸಂಪರ್ಕ ಎಲ್ಲಿಂದ ಹೊರಟಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನೇರ ಫೋನ್‌ನಿಂದ ಹೊರಟಿದ್ದರೆ, ನನ್ನ ಬಸ್ ಕಾಡಿನೊಳಗೆ ಹೊಕ್ಕ ಕೂಡಲೇ ಸರಿಯಾದ ಬದಲಾವಣೆಯೂ ಹಿಂದಕ್ಕೆ ಹೋಗಬಹುದು. ಶಾಖೆಯೊಳಗೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಅಲ್ಲಿಂದ ಹೊರಟರೆ ಅದು ಇನ್ನೂ ಅಪಾಯ. ಹೊರಗಿನ ಸಂಪರ್ಕ ಪೂರ್ತಿ ಸತ್ತರೂ ಪೈ ಮತ್ತು ರೂಟರ್ ಒಳಗೊಳಗೇ ಮಾತಾಡುತ್ತಿರುತ್ತವೆ. ಎಲ್ಲ ಸರಿ ಇದೆ ಅಂದುಕೊಂಡು ರೂಟರ್ ಏನನ್ನೂ ಹಿಂತೆಗೆಯಲ್ಲ. ಸೇಫ್ ಮೋಡ್ ಇದ್ದೂ ಇಲ್ಲದ ಹಾಗೆ. ವಿಪಿಎಸ್‌ನಿಂದ ಹೊರಟರೆ ಮಾತ್ರ ಲೆಕ್ಕ ಸರಿಯಾಗುತ್ತದೆ. ನನ್ನ ಸಿಗ್ನಲ್ ಹೋದರೆ ಏನೂ ಆಗಲ್ಲ, ಶಾಖೆಯ ಸುರಂಗ ಕಡಿದರೆ ಬದಲಾವಣೆ ವಾಪಸ್ ಆಗುತ್ತದೆ. ನಮಗೆ ಬೇಕಾದ್ದು ಅದೇ ತಾನೇ? ಟಿಮಕ್ಸ್ ಅನ್ನು ವಿಪಿಎಸ್ ಮೇಲೆ ಇಟ್ಟಿರುವುದು ಈ ಕಾರಣಕ್ಕೆ.

ಬೇರೆ ಕಂಪನಿಯ ಸಾಧನ ಇರುವವರಿಗೂ ದಾರಿ ಇದೆ. ಸಿಸ್ಕೋದಲ್ಲಿ ಕೆಲಸ ಶುರು ಮಾಡುವ ಮೊದಲು ರೀಲೋಡ್ ಇನ್ 10 ಅಂತ ಕೊಡಿ. ಹತ್ತು ನಿಮಿಷದಲ್ಲಿ ನೀವು ರೀಲೋಡ್ ಕ್ಯಾನ್ಸಲ್ ಅನ್ನದಿದ್ದರೆ ಅದು ಸೇವ್ ಆಗಿದ್ದ ಹಳೆಯ ಕಾನ್ಫಿಗ್‌ನೊಂದಿಗೆ ಮತ್ತೆ ಶುರುವಾಗುತ್ತದೆ. ಮಧ್ಯೆ ಸೇವ್ ಮಾತ್ರ ಮಾಡಬಾರದು. ಜುನಿಪರ್‌ನಲ್ಲಿ ಕಮಿಟ್ ಕನ್‌ಫರ್ಮ್ಡ್ ಇದೆ, ಹೊತ್ತಿನೊಳಗೆ ಖಚಿತಪಡಿಸದಿದ್ದರೆ ಅದೂ ಹಿಂದಕ್ಕೆ ಹೋಗುತ್ತದೆ. ಉಬುಂಟು ಸರ್ವರ್‌ನ ಐಪಿ ಬದಲಿಸುವಾಗ ನೆಟ್‌ಪ್ಲ್ಯಾನ್ ಟ್ರೈ ಬಳಸಿದರೆ 120 ಸೆಕೆಂಡ್ ಕಾಯುತ್ತದೆ. ನೀವು ಎಂಟರ್ ಒತ್ತದಿದ್ದರೆ ಹಿಂದಿನದಕ್ಕೆ ಮರಳುತ್ತದೆ.

ಇದೆಲ್ಲ ಕೈಯಲ್ಲಿದ್ದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ನಾನು ಸೊರಬದ ಬಸ್‌ನಲ್ಲಿದ್ದೆ. ಒಂದು ಶಾಖೆಯ ಮ್ಯಾನೇಜರ್ ಫೋನ್ ಮಾಡಿದರು.

"ಸಾರ್, ಕೆಳಗಿನ ಎರಡು ಸಿಸ್ಟಮ್ ಸರಿ ಇದೆ. ಮೇಲಿನ ಮೂರೂ ಬರ್ತಾ ಇಲ್ಲ. ರೀಸ್ಟಾರ್ಟ್ ಮಾಡಿದ್ದೂ ಆಯ್ತು."

ಅದಕ್ಕೆ ಸ್ವಲ್ಪ ಮೊದಲೇ ಆ ಶಾಖೆಯ ರೂಟರ್ ನನ್ನ ಟೆಲಿಗ್ರಾಂಗೆ ಒಂದು ಮೆಸೇಜ್ ಹಾಕಿತ್ತು. ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತಾರೆ. ಮೈಕ್ರೋಟಿಕ್‌ನಲ್ಲಿ ಡಿಎಚ್‌ಸಿಪಿ ಅಲರ್ಟ್ ಅಂತ ಒಂದು ಸೌಲಭ್ಯ ಇದೆ. ನಮ್ಮದಲ್ಲದ ಬೇರೆ ಯಾವುದೋ ಪೆಟ್ಟಿಗೆ ಕಂಪ್ಯೂಟರ್‌ಗಳಿಗೆ ಐಪಿ ಹಂಚಲು ಶುರು ಮಾಡಿದರೆ ಅದರ ಮ್ಯಾಕ್ ಅಡ್ರೆಸ್ (ಸಾಧನದ ಹಾರ್ಡ್‌ವೇರ್ ಗುರುತು) ಸಮೇತ ಹೇಳುತ್ತದೆ. ರೂಟರ್‌ನ ಪೋರ್ಟ್‌ಗಳನ್ನು ಒಂದಾಗಿ ಸೇರಿಸುವ ಬ್ರಿಡ್ಜ್‌ನ ಹೋಸ್ಟ್ ಪಟ್ಟಿಯಲ್ಲಿ ಆ ಮ್ಯಾಕ್ ಹುಡುಕಿದೆ. ಈಥರ್ 4ರ ಹಿಂದೆ ಇತ್ತು. ಈಥರ್ 4 ಅಂದರೆ ಮಹಡಿಯ ಸಣ್ಣ ಸ್ವಿಚ್‌ಗೆ ಹೋಗುವ ಕೇಬಲ್. ಪೋರ್ಟ್ ಆಫ್ ಮಾಡಿಬಿಡಬಹುದಿತ್ತು. ಆದರೆ ಹಾಗೆ ಮಾಡಿದ್ದರೆ ಮೇಲಿನ ಮೂವರೂ ಪೂರ್ತಿ ಕತ್ತಲಲ್ಲಿ ಕೂರುತ್ತಿದ್ದರು. ಶಾಖೆಯ ಅಟೆಂಡರ್‌ಗೆ ಫೋನ್ ಮಾಡಿದೆ. ನನಗಿಂತ ಹಿರಿಯರು, ಕೈ ಚುರುಕು.

"ಅಣ್ಣಾ, ಮಹಡಿ ಮೇಲೆ ಇವತ್ತು ಹೊಸದಾಗಿ ಏನಾದ್ರೂ ಪೆಟ್ಟಿಗೆ ಬಂದಿದೆಯಾ? ಆಂಟೆನಾ ಇರೋದು?"

"ಹೌದು ಮಾರಾಯ್ರೇ, ಬಿಳೀದು. ಮೊಬೈಲಿಗೆ ವೈಫೈ ಸಿಗ್ಲಿ ಅಂತ ಮೇಲಿನವ್ರು ಮನೆಯಿಂದ ತಂದು ಇಟ್ಟಿದಾರೆ."

"ಅದರ ಕೇಬಲ್ ಕಿತ್ತಿಡಿ. ಆಮೇಲೆ ಮೂರು ಸಿಸ್ಟಮ್‌ನ ನೆಟ್ ಕೇಬಲ್ ಒಂದೊಂದಾಗಿ ತೆಗೆದು ಮತ್ತೆ ಹಾಕಿ."

ಕೇಬಲ್ ತೆಗೆದು ಹಾಕಿದ್ದು ಯಾಕೆಂದರೆ, ತಪ್ಪು ಐಪಿ ಹಿಡಿದುಕೊಂಡ ಕಂಪ್ಯೂಟರ್ ಆಗಲೇ ಹೊಸದನ್ನು ಕೇಳುತ್ತದೆ. ಟರ್ಮಿನಲ್‌ನಲ್ಲಿ ಡಿಎಚ್‌ಸಿಪಿ ಪಟ್ಟಿ ನೋಡುತ್ತಿದ್ದೆ. 10.20ರ ಮೂರು ಸಾಲು ಒಂದರ ಹಿಂದೆ ಒಂದು ಬಂದವು. ಮುಂದೆ ಆ ಬ್ರಿಡ್ಜ್‌ನಲ್ಲಿ ಬೇರೆ ಪೆಟ್ಟಿಗೆ ಐಪಿ ಹಂಚುವುದನ್ನು ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದೆ. ಆದರೆ ಅದು ರೂಟರ್‌ನ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ಹೋಗುವುದನ್ನು ಮಾತ್ರ ತಡೆಯುತ್ತದೆ. ಅಗ್ಗದ ಸ್ವಿಚ್‌ನೊಳಗೆ ನಡೆಯುವುದಕ್ಕೆ ಅದರಿಂದ ಏನೂ ಮಾಡಲಾಗಲ್ಲ. ನಿಜವಾದ ಪರಿಹಾರ ಬೇರೆ ಇತ್ತು. ಮಹಡಿಯಲ್ಲಿ ಸಿಗ್ನಲ್ ಸಿಗದೆ ಅವರಿಗೆ ಕಷ್ಟ ಆಗುತ್ತಿತ್ತು. ಸಂಘದ ಕಡೆಯಿಂದಲೇ ಒಂದು ಆಕ್ಸೆಸ್ ಪಾಯಿಂಟ್ ಹಾಕಿಸಿ, ಮೊಬೈಲ್‌ಗಳಿಗೆ ಬೇರೆಯೇ ನೆಟ್‌ವರ್ಕ್ ಕೊಟ್ಟೆ.

ಅಲರ್ಟ್ ವಿಷಯದಲ್ಲಿ ನಾನು ಜಿಪುಣ. ವಿಪಿಎಸ್ ಮೇಲೆ ಶಾಖೆಗಳು ಎದ್ದಿವೆಯೇ ಅಂತ ನೋಡುತ್ತಿರುವ ಅಪ್‌ಟೈಮ್ ಕುಮಾ ಓಡುತ್ತದೆ. ಸತತ ಐದು ಸಲ ಉತ್ತರ ಬರದಿದ್ದರೆ ಮಾತ್ರ ಮೆಸೇಜ್ ಬರುತ್ತದೆ. ಒಂದು ಪಿಂಗ್ ತಪ್ಪಿದ್ದಕ್ಕೆಲ್ಲ ಫೋನ್ ಗುಂಯ್‌ಗುಟ್ಟಿದರೆ ಯಾರಾದರೂ ಅದನ್ನು ಮ್ಯೂಟ್ ಮಾಡುತ್ತಾರೆ. ಆಮೇಲೆ ನಿಜವಾದ ತೊಂದರೆಯೂ ಕೇಳಿಸಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಶಾಖೆಯವರು ಪ್ಲಗ್ ಕಿತ್ತಿಡುತ್ತಾರೆ. ಕಿತ್ತಿಡಬೇಕು ಕೂಡ, ಸಿಡಿಲಿಗೆ ಪೋರ್ಟ್ ಸುಟ್ಟರೆ ದೂರದಿಂದ ಏನೂ ಮಾಡಲಾಗದು.

ಮಲೆನಾಡಿನಲ್ಲಿ ನೆಟ್ ಹೋಗಿದೆ ಅಂದರೆ ಹೆಚ್ಚಾಗಿ ಕರೆಂಟ್ ಹೋಗಿದೆ ಅಂತ. ಆದರೆ ಶಾಖೆ ಪೂರ್ತಿ ಮೌನವಾದರೆ ಕರೆಂಟೋ ಫೈಬರೋ ಅಂತ ಫೋನ್‌ನಿಂದ ಗೊತ್ತಾಗಲ್ಲ. ಅದಕ್ಕೆ ಫೈಬರ್ ಮೋಡೆಮ್ ಮತ್ತು ರೂಟರ್‌ಗೆ 12 ವೋಲ್ಟ್‌ನ ಬೇರೆ ಸಣ್ಣ ಯುಪಿಎಸ್ ಇಟ್ಟಿದ್ದೇನೆ. ದೊಡ್ಡ ಯುಪಿಎಸ್ ಕೈಚೆಲ್ಲಿದ ಮೇಲೂ ಇವೆರಡು ಎದ್ದಿರುತ್ತವೆ. ರೂಟರ್ ಸಿಗುತ್ತಿದೆ, ಸ್ವಿಚ್‌ನ ಪೋರ್ಟ್ ಡೌನ್ ಇದೆ ಅಂದರೆ ಕರೆಂಟ್. ರೂಟರ್ರೇ ಸಿಗಲ್ಲ ಅಂದರೆ ಬಹುಶಃ ಎಲ್ಲೋ ಮರ ಬಿದ್ದು ಫೈಬರ್ ತುಂಡಾಗಿದೆ.

ಭದ್ರತೆ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಯಾವ ಶಾಖೆಯ ರೂಟರ್‌ನ ನಿರ್ವಹಣೆಯ ಪೋರ್ಟನ್ನೂ ಇಂಟರ್ನೆಟ್‌ಗೆ ತೆರೆದಿಟ್ಟಿಲ್ಲ. 2018ರಲ್ಲಿ ಮೈಕ್ರೋಟಿಕ್‌ನ ವಿನ್‌ಬಾಕ್ಸ್‌ನಲ್ಲಿ, ಅಂದರೆ 8291ನೇ ಪೋರ್ಟ್‌ನಲ್ಲಿ, ಪಾಸ್‌ವರ್ಡ್ ಇರುವ ಕಡತವನ್ನೇ ಓದಿಬಿಡಬಹುದಾದ ದೋಷ ಹೊರಬಿತ್ತು. ಅದನ್ನು ಹೊರಗೆ ತೆರೆದಿಟ್ಟು ಅಪ್‌ಡೇಟ್ ಮಾಡದಿದ್ದ ರೂಟರ್‌ಗಳು ಜಗತ್ತಿನ ತುಂಬ ಬೇರೆಯವರ ಕೈಗೆ ಹೋದವು. ವೈರ್‌ಗಾರ್ಡ್ ಹಾಗಲ್ಲ. ಸರಿಯಾದ ಕೀ ಇಲ್ಲದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡಲ್ಲ.

ಫೋನ್ ಕಳೆದುಹೋದರೆ ಏನು ಅಂತ ಮೊದಲೇ ಯೋಚಿಸಿಡಬೇಕು. ನನ್ನ ಫೋನ್‌ಗೇ ಬೇರೆ ವೈರ್‌ಗಾರ್ಡ್ ಕೀ, ಬೇರೆ ಎಸ್‌ಎಸ್‌ಎಚ್ ಕೀ. ಲ್ಯಾಪ್‌ಟಾಪ್‌ನದ್ದನ್ನು ಇದಕ್ಕೆ ಹಾಕಿಲ್ಲ. ಎಸ್‌ಎಸ್‌ಎಚ್ ಕೀಗೆ ಪಾಸ್‌ಫ್ರೇಸ್ ಇದೆ. ಮುಖ್ಯ ಕಚೇರಿಯ ಸಹೋದ್ಯೋಗಿಗೆ ವಿಪಿಎಸ್‌ನಲ್ಲಿ ಒಂದು ಸ್ಕ್ರಿಪ್ಟ್ ತೋರಿಸಿಕೊಟ್ಟಿದ್ದೇನೆ. ನಾನು ಯಾರದ್ದಾದರೂ ಫೋನ್‌ನಿಂದ ಕರೆ ಮಾಡಿ ಹೇಳಿದರೆ ಅವರು ಅದನ್ನು ಓಡಿಸುತ್ತಾರೆ, ನನ್ನ ಮೊಬೈಲ್‌ನ ಎರಡೂ ಕೀ ಅಳಿಸಿಹೋಗುತ್ತವೆ.

ದೂರದಿಂದ ಪರದೆ ನೋಡಿ ನಡೆಸುವ ಎನಿಡೆಸ್ಕ್ ಥರದ್ದನ್ನು ಶಾಖೆಯ ಕಂಪ್ಯೂಟರ್‌ಗಳಿಗೆ ಹಾಕು, ಸುಲಭ ಆಗುತ್ತೆ ಅಂತ ಹಲವರು ಹೇಳಿದರು. ನಾನು ಹಾಕಿಲ್ಲ. ಆ್ಯಪ್ ಕೆಟ್ಟದ್ದು ಅಂತಲ್ಲ. ಅದನ್ನು ಹಾಕಿಸಿಕೊಂಡು, ಕೋಡ್ ಕೇಳಿ ಖಾತೆ ಖಾಲಿ ಮಾಡುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ನಾನೇ ಫೋನ್ ಮಾಡಿ "ಮೇಡಂ, ಆ ಒಂಬತ್ತು ಅಂಕಿ ಹೇಳಿ" ಅಂತ ಅಭ್ಯಾಸ ಮಾಡಿಸಿದರೆ, ನಾಳೆ ಇನ್ನೊಬ್ಬ ಕೇಳಿದಾಗಲೂ ಅವರು ಹೇಳುತ್ತಾರೆ. ಅದು ಜನರ ದುಡ್ಡು ಇರುವ ಜಾಗ. ಯಾರೇ ಫೋನ್‌ನಲ್ಲಿ ಕೋಡ್ ಕೇಳಿದರೂ ಕೊಡಬೇಡಿ, ನಾನು ಕೇಳಿದರೂ ಕೊಡಬೇಡಿ ಅಂತ ಎಲ್ಲ ಶಾಖೆಯಲ್ಲೂ ಹೇಳಿದ್ದೇನೆ.

ಫೋನ್‌ನಿಂದ ಮಾಡದೇ ಇರುವ ಕೆಲಸಗಳೂ ಇವೆ. ರೂಟರ್‌ನ ಸಾಫ್ಟ್‌ವೇರ್ ಅಪ್‌ಡೇಟ್, ವಿಎಲ್ಯಾನ್ (ಒಂದೇ ಕೇಬಲ್ ಮೇಲೆ ಬೇರೆ ಬೇರೆ ನೆಟ್‌ವರ್ಕ್) ಬದಲಾವಣೆ, ಬ್ರಿಡ್ಜ್ ಮುಟ್ಟುವುದು, ಇವು ಮೂರನ್ನು ಶಾಖೆಯಲ್ಲಿ ಯಾರಾದರೂ ಇರುವ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುತ್ತೇನೆ. ಉದ್ದದ ಕಮಾಂಡ್‌ಗಳನ್ನು ಬಸ್‌ನಲ್ಲಿ ಹೆಬ್ಬೆರಳಿನಲ್ಲಿ ಟೈಪ್ ಮಾಡುವುದೂ ಇಲ್ಲ. ಅವನ್ನು ಮೊದಲೇ ಸ್ಕ್ರಿಪ್ಟ್ ಮಾಡಿ, ಚಿಕ್ಕ ಹೆಸರು ಕೊಟ್ಟು ವಿಪಿಎಸ್ ಮೇಲೆ ಇಟ್ಟಿದ್ದೇನೆ. ಪ್ರತಿ ರಾತ್ರಿ ಎಲ್ಲ ರೂಟರ್‌ಗಳ ಎಕ್ಸ್‌ಪೋರ್ಟ್ (ಕಾನ್ಫಿಗ್‌ನ ಪ್ರತಿ) ಅಲ್ಲಿಗೆ ಬಂದು, ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಕೂರುತ್ತದೆ. ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಅಂತ ನೋಡಲು ಸಣ್ಣ ಪರದೆ ಧಾರಾಳ ಸಾಕು.

ಇದನ್ನು ಶುರು ಮಾಡುವವರು ಒಂದೇ ಶಾಖೆಯಿಂದ ಶುರು ಮಾಡಿ. ಸುರಂಗ, ಸೇಫ್ ಮೋಡ್ ಎರಡನ್ನೂ ಶಾಖೆಯೊಳಗೇ ಕೂತು, ಫೋನ್‌ನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ. ಸೇಫ್ ಮೋಡ್‌ನಲ್ಲಿ ಬೇಕೆಂದೇ ವೈರ್‌ಗಾರ್ಡ್ ಇಂಟರ್‌ಫೇಸ್ ನಿಲ್ಲಿಸಿ, ಅದು ತಾನಾಗಿ ಎದ್ದು ಬರುವ ತನಕ ಪಕ್ಕದಲ್ಲೇ ಕಾಯಿರಿ. ಬಂದರೆ ಮುಂದಿನ ಶಾಖೆಗೆ ಹೋಗಬಹುದು.