ಗಿಡ್ಡ ಆಂಟೆನಾದಲ್ಲಿ ಕಾಯಿಲ್ ಎಲ್ಲಿರಬೇಕು? 80 ಮೀಟರ್ ಬ್ಯಾಂಡಿನಲ್ಲಿ ನನ್ನ ಅನುಭವ

30×40 ಸೈಟಿನ ಮನೆಯಿಂದ 80 ಮೀಟರ್ ಬ್ಯಾಂಡಿಗೆ ಬರಬೇಕು ಅನ್ನುವ ಹ್ಯಾಮ್‌ಗಳಿಗೆ (ಹವ್ಯಾಸಿ ರೇಡಿಯೋದವರಿಗೆ) ಮೊದಲ ಅಡ್ಡಿ ಜಾಗದ್ದು. 3.6 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 83 ಮೀಟರ್. ಡೈಪೋಲ್ (ನಡುವಿನಿಂದ ಎರಡೂ ಕಡೆಗೆ ಚಾಚುವ ತಂತಿ ಆಂಟೆನಾ) ಹಾಕೋಣ ಅಂದರೆ ಸುಮಾರು 40 ಮೀಟರ್ ತಂತಿ ಚಾಚಬೇಕು, ನಮ್ಮ ಸೈಟಿನ ಉದ್ದವೇ 12 ಮೀಟರ್. ನೆಟ್ಟಗೆ ನಿಲ್ಲುವ ಕಾಲು ಅಲೆಯ ವರ್ಟಿಕಲ್ ಆದರೂ 20 ಮೀಟರ್ ಎತ್ತರ ಬೇಕು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಪಕ್ಕದ ಮನೆಗೂ ಬೀದಿಯ ಕರೆಂಟ್ ತಂತಿಗೂ ತಾಕದ ಹಾಗೆ, ಅಕಸ್ಮಾತ್ ಬಿದ್ದರೂ ನಮ್ಮ ಸೈಟಿನೊಳಗೇ ಬೀಳುವ ಹಾಗೆ ನಾನು ನಿಲ್ಲಿಸಬಹುದಾದದ್ದು 9 ಮೀಟರ್ ಅಷ್ಟೇ. ಕೊರತೆ ಬಿದ್ದದ್ದನ್ನು ಕಾಯಿಲ್ ಹಾಕಿ ಸರಿದೂಗಿಸಬೇಕು. ಆ ಕಾಯಿಲ್ ಬುಡದಲ್ಲಿರಬೇಕಾ, ನಡುವೆಯಾ, ತುದಿಯಲ್ಲಾ ಅನ್ನುವುದನ್ನು ನಾನು ಬುಡದಲ್ಲೂ ನಡುವೆಯೂ ಕಟ್ಟಿ ಅಳೆದು, ಅದಕ್ಕಿಂತ ಮೇಲಿನದನ್ನು ಲೆಕ್ಕ ಹಾಕಿ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಕಾಯಿಲ್ ಅಂದರೆ ಕಡಿಮೆ ಬಿದ್ದ ತಂತಿಯನ್ನು ಸುತ್ತಿ ಇಟ್ಟಿದ್ದು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ನನ್ನ ನಡುವಿನ ಕಾಯಿಲ್‌ಗೆ ಹಿಡಿದ ತಂತಿ ಏಳು ಮೀಟರ್ ಚಿಲ್ಲರೆ, ಎತ್ತರದಲ್ಲಿ ಕಡಿಮೆ ಬಿದ್ದದ್ದು 11 ಮೀಟರ್. ಎರಡಕ್ಕೂ ಸಂಬಂಧವಿಲ್ಲ. ಗಿಡ್ಡ ಆಂಟೆನಾ ಬುಡದಲ್ಲಿ ಕೆಪಾಸಿಟರ್ ಥರ ಕಾಣುತ್ತದೆ, ಅದರಿಂದ ಕರೆಂಟಿಗೆ ಬರುವ ಅಡ್ಡಿಯನ್ನು (ರಿಯಾಕ್ಟೆನ್ಸ್) ಹೊಡೆದುಹಾಕುವುದಷ್ಟೇ ಕಾಯಿಲ್ ಕೆಲಸ. ರೇಡಿಯೇಷನ್ ಆಗುವುದು ನೆಟ್ಟಗೆ ನಿಂತ ಕೊಳವೆಯಲ್ಲಿ ಹರಿಯುವ ಕರೆಂಟಿನಿಂದ. ಹಾಗಾಗಿ ಆ 9 ಮೀಟರ್ ಉದ್ದಕ್ಕೂ ಎಷ್ಟು ಕರೆಂಟ್ ಉಳಿಯುತ್ತದೆ ಅನ್ನುವುದೇ ಇಡೀ ಆಟ.

ಹನಿ ನೀರಾವರಿಯ ಪೈಪನ್ನು ನೆನೆಸಿಕೊಳ್ಳಿ. ನೀರು ದಾರಿಯುದ್ದಕ್ಕೂ ಸೋರುತ್ತ ಹೋಗಿ ತುದಿಗೆ ಏನೂ ಉಳಿಯುವುದಿಲ್ಲ. ಗಿಡ್ಡ ವರ್ಟಿಕಲ್‌ನಲ್ಲೂ ಕರೆಂಟ್ ಹೀಗೇ, ಗಾಳಿಯ ಮೂಲಕ ನೆಲಕ್ಕೆ ಸೋರುತ್ತ ತುದಿಯಲ್ಲಿ ಸೊನ್ನೆ ಆಗುತ್ತದೆ. ಕಾಯಿಲ್ ಬುಡದಲ್ಲಿದ್ದರೆ ಅಲ್ಲಿಂದಲೇ ಇಳಿಜಾರು ಶುರು, ಗ್ರಾಫ್ ಹಾಕಿದರೆ ತ್ರಿಕೋನ. ನಡುವೆ ಇಟ್ಟರೆ ಕಾಯಿಲ್‌ನ ಕೆಳಗಿನ ಅರ್ಧದಲ್ಲಿ ಕರೆಂಟ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಇಳಿಜಾರು ಮೇಲಿನ ಅರ್ಧದಲ್ಲಿ ಮಾತ್ರ. ರೇಡಿಯೇಷನ್ ರೆಸಿಸ್ಟೆನ್ಸ್ (ಅಲೆಯಾಗಿ ಹೊರಹೋಗುವ ಪವರಿನ ಪಾಲನ್ನು ಓಮ್‌ನಲ್ಲಿ ಹೇಳುವ ಲೆಕ್ಕ, ಜಾಸ್ತಿ ಇದ್ದಷ್ಟೂ ಒಳ್ಳೆಯದು) ಈ ಗ್ರಾಫಿನ ವಿಸ್ತೀರ್ಣದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ನನ್ನ 9 ಮೀಟರ್‌ಗೆ ಬುಡದ ಕಾಯಿಲ್ ಆದರೆ ಸುಮಾರು 4.6 ಓಮ್, ನಡುವಿನ ಕಾಯಿಲ್ ಆದರೆ 10 ಓಮ್ ಚಿಲ್ಲರೆ. ಎರಡು ಪಟ್ಟಿಗಿಂತ ಜಾಸ್ತಿ.

ಹಾಗಾದರೆ ಮೇಲೆ ಮೇಲೆ ಏರಿಸುತ್ತ ಹೋದರೆ ಆಯಿತಲ್ಲ? ಆಗುವುದಿಲ್ಲ. ಕಾಯಿಲ್ ಮೇಲೆ ಹೋದಷ್ಟೂ ಅದರ ಮೇಲೆ ಉಳಿಯುವ ಕೊಳವೆ ಚಿಕ್ಕದಾಗುತ್ತದೆ, ಕೆಪಾಸಿಟೆನ್ಸ್ ಇಳಿಯುತ್ತದೆ, ಅದನ್ನು ಹೊಡೆಯಲು ದೊಡ್ಡ ಕಾಯಿಲ್ ಬೇಕಾಗುತ್ತದೆ. ಬುಡದಲ್ಲಿ 20 ಮೈಕ್ರೋಹೆನ್ರಿ (ಕಾಯಿಲ್‌ನ ಇಂಡಕ್ಟೆನ್ಸ್ ಅಳೆಯುವ ಮಾನ) ಸಾಕಿತ್ತು. ನಡುವೆ 38. ಮುಕ್ಕಾಲು ಎತ್ತರದಲ್ಲಿ 70 ದಾಟುತ್ತದೆ. ತುದಿಯಲ್ಲೇ ಇಟ್ಟರೆ ಮೇಲೆ ಏನೂ ಇಲ್ಲ, ಆಗ ಎಷ್ಟು ಸುತ್ತಿದರೂ ಸಾಲದು. ದೊಡ್ಡ ಕಾಯಿಲ್ ಅಂದರೆ ತಾಮ್ರದ ನಷ್ಟ ಜಾಸ್ತಿ, ತೂಕ ಜಾಸ್ತಿ, ಗಾಳಿಗೆ ಬಾಗುವುದೂ ಜಾಸ್ತಿ. ಕ್ಯೂ (ಕಾಯಿಲ್‌ನ ಗುಣಮಟ್ಟದ ಅಳತೆ, ಜಾಸ್ತಿ ಇದ್ದಷ್ಟೂ ನಷ್ಟ ಕಡಿಮೆ) 200 ಇರುವ ಕಾಯಿಲ್ ಲೆಕ್ಕ ಹಿಡಿದರೆ ನಡುವಿನಿಂದ ಮುಕ್ಕಾಲಿಗೆ ಏರಿಸಿ ಸಿಗುವ ಲಾಭ ಅರ್ಧ ಡಿಬಿ (ಡೆಸಿಬೆಲ್, 3 ಡಿಬಿ ಅಂದರೆ ಪವರ್ ಎರಡು ಪಟ್ಟು). ಅಷ್ಟಕ್ಕೋಸ್ಕರ 7 ಮೀಟರ್ ಎತ್ತರದಲ್ಲಿ ಅಷ್ಟು ತಾಮ್ರ ನೇತುಹಾಕುವುದು ನನಗೆ ಸರಿ ಕಾಣಲಿಲ್ಲ.

ಈಗ ಕಾಯಿಲ್ ಸುತ್ತಿದ ಬಗೆ. ಬಾತ್‌ರೂಮಿನ ನೀರು ಹೋಗಲು ಹಾಕುವ 75 ಮಿಲಿಮೀಟರ್ ಪಿವಿಸಿ ಪೈಪ್ ತುಂಡು, ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತೂಕಕ್ಕೆ ತಂದ 14 ಗೇಜ್ ಎನಾಮಲ್ ತಾಮ್ರದ ತಂತಿ. ಅದು 2 ಮಿ.ಮೀ. ದಪ್ಪ, ಈ ಕಾಯಿಲ್‌ಗೆ ಕಾಲು ಕೆಜಿ ಒಳಗೇ ಮುಗಿಯುತ್ತದೆ. 10 ಸೆಂ.ಮೀ. ಉದ್ದದಲ್ಲಿ 30 ಸುತ್ತು ಹಾಕಿದರೆ 38 ಮೈಕ್ರೋಹೆನ್ರಿ ಸಿಗುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬಾರದು, ಅಂಟಿದರೆ ಕ್ಯೂ ಬೀಳುತ್ತದೆ. ತಂತಿಯ ಜೊತೆಗೇ ಸಣ್ಣ ನೈಲಾನ್ ಹುರಿಯನ್ನೂ ಸೇರಿಸಿ ಸುತ್ತಿ, ಕೊನೆಗೆ ಹುರಿಯನ್ನು ಬಿಚ್ಚಿ ತೆಗೆದರೆ ಅಂತರ ಎಲ್ಲ ಕಡೆ ಸಮ ಬರುತ್ತದೆ. ಆಮೇಲೆ ಪೈಪಿನ ನಾಲ್ಕು ಬದಿಗೆ ಮೇಲಿಂದ ಕೆಳಗೆ ತೆಳ್ಳಗೆ ಎಪಾಕ್ಸಿ ಗೆರೆ ಎಳೆದರೆ ತಂತಿ ಜರುಗುವುದಿಲ್ಲ. ತಂತಿಯನ್ನು ಕೈಯಲ್ಲಿ ಹಿಡಿದು ಪೈಪನ್ನು ತಿರುಗಿಸಿ, ಪೈಪಿನ ಸುತ್ತ ತಂತಿಯನ್ನು ತಿರುಗಿಸಬೇಡಿ. ತಂತಿಯ ಇನ್ನೊಂದು ತುದಿಯನ್ನು ಗೇಟಿಗೆ ಕಟ್ಟಿ, ಎಳೆದು ಬಿಗಿ ಹಿಡಿದು, ಪೈಪ್ ತಿರುಗಿಸುತ್ತ ಗೇಟಿನ ಕಡೆಗೆ ನಡೆದು ಬಂದರೆ ಗಂಟು ಬೀಳದೆ ನೀಟಾಗಿ ಕೂರುತ್ತದೆ.

ಕಾಯಿಲ್ ಒಳಗೆ ಲೋಹ ಇರಕೂಡದು, ಇದನ್ನು ಒತ್ತಿ ಹೇಳುತ್ತೇನೆ. ಗಟ್ಟಿಮುಟ್ಟಾಗಿರಲಿ ಅಂತ ಅಲ್ಯೂಮಿನಿಯಂ ಕೊಳವೆಯನ್ನು ಕಾಯಿಲ್ ಒಳಗಿಂದ ತೂರಿಸುವವರಿದ್ದಾರೆ. ಅದರಲ್ಲಿ ಸುಳಿ ಕರೆಂಟ್ ಹರಿದು ಇಂಡಕ್ಟೆನ್ಸೂ ಹೋಗುತ್ತದೆ, ಕ್ಯೂ ಕೂಡ ಹೋಗುತ್ತದೆ. ನಾನು ಮೇಲಿನ ಮತ್ತು ಕೆಳಗಿನ ಕೊಳವೆಗಳ ನಡುವೆ ಗಟ್ಟಿ ಫೈಬರ್‌ಗ್ಲಾಸ್ ಸರಳು ಕೂರಿಸಿದೆ, ಕಾಯಿಲ್ ಅದರ ಸುತ್ತ ಇದೆ. ಅಲ್ಯೂಮಿನಿಯಂ ತುದಿಗಳು ಕಾಯಿಲ್‌ನಿಂದ ಸುಮಾರು ಒಂದು ಕೈ ಅಗಲ ದೂರ. ಕಾಯಿಲ್‌ನಲ್ಲಿ ಕ್ಲಿಪ್ ಹಾಕಿ ಬೇಡದ ಸುತ್ತುಗಳನ್ನು ಶಾರ್ಟ್ ಮಾಡುವ ಪದ್ಧತಿಯೂ ಬೇಡ, ಆ ಸುತ್ತುಗಳು ಸುಮ್ನೆ ಬಿಸಿಯಾಗುತ್ತವೆ. ಟ್ಯೂನ್ ಮಾಡಲು ಮೇಲಿನ ಕೊಳವೆಯನ್ನು ಎಳೆದು ಸರಿಸಿದರೆ ಸಾಕು. 10 ಸೆಂ.ಮೀ. ಉದ್ದ ಮಾಡಿದರೆ ನನ್ನದರಲ್ಲಿ ಸುಮಾರು 40 ಕಿಲೋಹರ್ಟ್ಸ್ ಕೆಳಗೆ ಬರುತ್ತದೆ.

ಮಲೆನಾಡಿನ ಗೆಳೆಯರು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ಕಂಬವಾಗಿ ಬಳಸಬಹುದಾ ಅಂತ ಕೇಳುತ್ತಿರುತ್ತಾರೆ. ಹಗುರ, ಉದ್ದ, ಒಳಗೊಳಗೇ ಸೇರಿಕೊಳ್ಳುತ್ತದೆ, ಆಸೆಯಾಗುವುದು ಸಹಜ. ಆದರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ, ಅದೂ ಕೆಟ್ಟದಾಗಿ. ತಂತಿಯನ್ನು ಅದಕ್ಕೆ ಸುತ್ತಿ ನಿಲ್ಲಿಸಿದರೆ ನಿಮ್ಮ ಪವರ್ ದೋಟಿಯನ್ನು ಬಿಸಿ ಮಾಡಲು ಹೋಗುತ್ತದೆ. ಅದರ ಬದಲು ಚೆನ್ನಾಗಿ ಒಣಗಿದ ಬಿದಿರು ಎಷ್ಟೋ ವಾಸಿ.

ಹೋಲಿಸಿ ನೋಡಿದ್ದು ಹೇಗೆ ಅಂದರೆ, ರಾತ್ರಿಯ ಸಿಗ್ನಲ್ ರಿಪೋರ್ಟ್ ನಂಬಿ ಅಲ್ಲ. ರಾತ್ರಿ 80 ಮೀಟರಿನಲ್ಲಿ ಅಯಾನುಗೋಳದಿಂದ ಬರುವ ಸಿಗ್ನಲ್ ನಿಮಿಷಕ್ಕೊಮ್ಮೆ ಏರಿಳಿಯುತ್ತದೆ, ಕಾಯಿಲ್ ಬದಲಿಸಿ ಬರುವಷ್ಟರಲ್ಲಿ ಎಲ್ಲ ಬೇರೆಯಾಗಿರುತ್ತದೆ. ನಟ್ಟನಡು ಮಧ್ಯಾಹ್ನ, ಕೆಲವೇ ಕಿಲೋಮೀಟರ್ ದೂರದ ಗೆಳೆಯರೊಬ್ಬರ ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಯುವ) ರಿಸೀವರಿಗೆ ನೆಲದ ಮೇಲೆ ಸಾಗುವ ಅಲೆಯಲ್ಲಿ ಕ್ಯಾರಿಯರ್ (ಮಾತಿಲ್ಲದ ಬರೀ ಅಲೆ) ಕೊಟ್ಟು ಅವರಿಂದ ಡಿಬಿ ಓದಿಸಿದೆ. ಆ ಹೊತ್ತಿನಲ್ಲಿ ಅಂಕಿ ಅಲುಗಾಡುವುದಿಲ್ಲ. ಪ್ರತಿ ಸಲವೂ ಆಂಟೆನಾಗೆ ಹೋಗುವ ಪವರ್ ಒಂದೇ ಇರುವ ಹಾಗೆ ಮ್ಯಾಚ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಬುಡದ ಕಾಯಿಲ್‌ಗಿಂತ ನಡುವಿನ ಕಾಯಿಲ್ 2 ಡಿಬಿಗಿಂತ ಸ್ವಲ್ಪ ಮೇಲೆ ಬಂತು. ಕಾಗದದ ಲೆಕ್ಕ 2.3 ಹೇಳಿತ್ತು.

ಇಷ್ಟೇನಾ ಅನ್ನಬಹುದು ನೀವು. ರೇಡಿಯೇಷನ್ ರೆಸಿಸ್ಟೆನ್ಸ್ ಎರಡು ಪಟ್ಟು ದಾಟಿದ್ದರೂ ಲಾಭ ಇಷ್ಟೇ ಯಾಕೆ? ಯಾಕೆಂದರೆ ನೆಲ ನುಂಗುತ್ತಿದೆ. ನಾಲ್ಕೇ ರೇಡಿಯಲ್ (ಬುಡದಿಂದ ಸುತ್ತಲೂ ನೆಲದಲ್ಲಿ ಹಾಸುವ ತಂತಿ) ಇದ್ದಾಗ ನನ್ನ ನೆಲದ ನಷ್ಟ 15 ಓಮ್ ಆಸುಪಾಸು. ಬುಡದ ಕಾಯಿಲ್‌ನಲ್ಲಿ 4.6 ಓಮ್ ರೇಡಿಯೇಷನ್, 2 ಚಿಲ್ಲರೆ ಓಮ್ ಕಾಯಿಲ್ ನಷ್ಟ, 15 ಓಮ್ ಮಣ್ಣು. ರಿಗ್‌ನಿಂದ (ರೇಡಿಯೋ ಸೆಟ್‌ನಿಂದ) 100 ವ್ಯಾಟ್ ಹೊರಟರೆ ಗಾಳಿಗೆ ಸೇರುವುದು 21. ನಡುವಿನ ಕಾಯಿಲ್‌ನಲ್ಲಿ 36. ಉಳಿದದ್ದರಲ್ಲಿ ಕಾಯಿಲ್ ಪಾಲು 13 ವ್ಯಾಟ್, ಮಿಕ್ಕಿದ್ದೆಲ್ಲ ಹಿತ್ತಲ ಮಣ್ಣಿಗೆ. ಹ್ಯಾಮ್‌ಗಳು ಸೇರಿದಾಗ ಕಾಯಿಲ್ ಎಲ್ಲಿರಬೇಕು ಅಂತಲೇ ವಾದ ನಡೆಯುತ್ತದೆ, ಮಣ್ಣಿನ ಮಾತು ಎತ್ತುವವರು ಕಡಿಮೆ. ನನಗೆ ಇದು ನಿಜವಾಗಿ ಬೇಸರದ ವಿಷಯ. ಆ ವಾದದ ಹೊತ್ತಿನಲ್ಲಿ ಹತ್ತು ರೇಡಿಯಲ್ ಹಾಸಬಹುದು.

ನಾನು ಕಾಂಪೌಂಡ್ ಗೋಡೆ ಬದಿಗೆ, ಹೂವಿನ ಪಾತಿ ಕೆಳಗೆ, ಮನೆ ಸುತ್ತು ಹಾಕಿ, ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಹಳೆಯ ವೈರಿಂಗ್ ತಂತಿ ಹೂತೆ. ಹೆಚ್ಚಿನವು 6ರಿಂದ 10 ಮೀಟರ್. ಗಿಡ್ಡ ಆಂಟೆನಾಗೆ ಕೆಲವೇ ಉದ್ದ ರೇಡಿಯಲ್‌ಗಳಿಗಿಂತ ಜಾಸ್ತಿ ಸಂಖ್ಯೆಯ ಗಿಡ್ಡ ರೇಡಿಯಲ್‌ಗಳೇ ಲೇಸು, ಬುಡದ ಹತ್ತಿರವೇ ನೆಲದ ಕರೆಂಟ್ ದಟ್ಟವಾಗಿರುತ್ತದೆ. ನಷ್ಟ 8 ಓಮ್‌ವರೆಗೆ ಇಳಿಯಿತು. ಆಗ ಬುಡದ ಕಾಯಿಲ್ ಕೂಡ 31 ವ್ಯಾಟ್ ಕೊಡುತ್ತದೆ, ನಡುವಿನದು 47.

ಇಲ್ಲೊಂದು ಎಚ್ಚರಿಕೆ. ರೇಡಿಯಲ್ ಹಾಸಿದಷ್ಟೂ ಎಸ್‌ಡಬ್ಲ್ಯುಆರ್ (ರಿಗ್‌ಗೂ ಆಂಟೆನಾಗೂ ಹೊಂದಾಣಿಕೆ ಎಷ್ಟಿದೆ ಅನ್ನುವ ಅಳತೆ) ಕೆಡುತ್ತ ಹೋಗುತ್ತದೆ. ಹೆದರಬೇಡಿ. ನಷ್ಟದ ಓಮ್‌ಗಳು ಹೋದ ಹಾಗೆ ಬುಡದ ರೆಸಿಸ್ಟೆನ್ಸ್ ರಿಗ್ ಬಯಸುವ 50 ಓಮ್‌ನಿಂದ ದೂರ ಸರಿಯುತ್ತದೆ, ಬ್ಯಾಂಡ್‌ವಿಡ್ತ್ ಕೂಡ ಕಿರಿದಾಗುತ್ತದೆ. 9 ಮೀಟರ್ ಆಂಟೆನಾ ಯಾವ ಮ್ಯಾಚಿಂಗೂ ಇಲ್ಲದೆ 80 ಮೀಟರಿನಲ್ಲಿ ಸರಿಯಾಗಿ 50 ಓಮ್ ತೋರಿಸಿದರೆ ಅನುಮಾನ ಪಡಬೇಕು, ಖುಷಿ ಪಡಬಾರದು.

ಅತಿ ಹೆಚ್ಚು ಇಷ್ಟವಾದ ಬದಲಾವಣೆ ಮಾತ್ರ ಕಾಯಿಲ್‌ನದೇ ಅಲ್ಲ, ತುದಿಗೆ ಹಾಕಿದ ಕೆಪಾಸಿಟಿ ಹ್ಯಾಟ್‌ನದು. ಒಂದೊಂದು ಮೀಟರಿನ ನಾಲ್ಕು ಅಲ್ಯೂಮಿನಿಯಂ ಕಡ್ಡಿಗಳನ್ನು ಕೊಡೆಕಡ್ಡಿಗಳ ಹಾಗೆ ಅಡ್ಡಡ್ಡ ಹಾಕಿ, ಅವುಗಳ ಹೊರ ತುದಿಗಳನ್ನು ತೆಳು ತಂತಿಯಿಂದ ಸುತ್ತ ಸೇರಿಸಿದೆ. ಮೇಲಿನ ಅರ್ಧದ ಕೆಪಾಸಿಟೆನ್ಸ್ ಮೊದಲು 45 ಪಿಕೋಫ್ಯಾರಡ್ ಇದ್ದದ್ದು ಹತ್ತಿರಹತ್ತಿರ ಎರಡು ಪಟ್ಟಾಯಿತು. 30 ಸುತ್ತಿನ ಕಾಯಿಲ್ 18 ಸುತ್ತಿಗೆ ಇಳಿಯಿತು. ಕಾಯಿಲ್ ನಷ್ಟ ಅರ್ಧ, ಮೇಲಿನ ಕೊಳವೆಯಲ್ಲೂ ಕರೆಂಟ್ ನಿಂತಿತು, ರೇಡಿಯೇಷನ್ ರೆಸಿಸ್ಟೆನ್ಸ್ 14 ಓಮ್ ಹತ್ತಿರ. ಕಾಯಿಲನ್ನು ಮುಕ್ಕಾಲು ಎತ್ತರಕ್ಕೆ ಏರಿಸಿದ್ದರೆ ಸಿಗುತ್ತಿದ್ದದ್ದೂ ಅಷ್ಟೇ, ಆದರೆ ಆ ತೂಕವೂ ಇಲ್ಲ, ಆ ನಷ್ಟವೂ ಇಲ್ಲ. ಒಳ್ಳೆಯ ರೇಡಿಯಲ್ ಜೊತೆಗೆ 100 ವ್ಯಾಟ್‌ನಲ್ಲಿ 59ರಷ್ಟು ಗಾಳಿಗೆ. ಹ್ಯಾಟನ್ನು ಕಾಯಿಲ್‌ಗೆ ತಾಗುವಷ್ಟು ಹತ್ತಿರ ಮಾತ್ರ ಇಡಬೇಡಿ, ತುದಿಯೇ ಅದರ ಜಾಗ.

ಸ್ವೀಡನ್ನಿನ ಗ್ರಿಮೆಟಾನ್ ಕೇಂದ್ರದ ಬಗ್ಗೆ ಓದಿದಾಗ ಇದು ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತಿತು. 1920ರ ದಶಕದಲ್ಲಿ ಕಟ್ಟಿದ್ದು, 17.2 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದವೇ 17 ಕಿಲೋಮೀಟರ್ ದಾಟುತ್ತದೆ. ಅವರ ಗೋಪುರಗಳು 127 ಮೀಟರ್, ಆ ಅಲೆಗೆ ಅದು ಏನೇನೂ ಅಲ್ಲ. ಅವರು ಮಾಡಿದ್ದು ಏನು? ಆರು ಗೋಪುರಗಳ ನೆತ್ತಿಯ ಮೇಲೆ ಉದ್ದಕ್ಕೆ ತಂತಿ ಚಾಚಿ ಭಾರೀ ಹ್ಯಾಟ್ ಮಾಡಿದರು, ಪ್ರತಿ ಗೋಪುರದಿಂದ ಒಂದೊಂದು ತಂತಿ ಇಳಿಸಿ ನೆಲದಲ್ಲಿ ಒಂದೊಂದು ಕಾಯಿಲ್ ಇಟ್ಟು, ಕರೆಂಟನ್ನು ಹಂಚಿ ಮಣ್ಣಿನ ನಷ್ಟ ಇಳಿಸಿದರು. ನೆತ್ತಿ ಅಷ್ಟು ದೊಡ್ಡದಿದ್ದಾಗ ಇಳಿತಂತಿಯಲ್ಲಿ ಕರೆಂಟ್ ಹೇಗೂ ಸಮವಾಗಿರುತ್ತದೆ, ಕಾಯಿಲ್ ಬುಡದಲ್ಲಿದ್ದರೂ ಏನೂ ನಷ್ಟವಿಲ್ಲ. ಆ ಕೇಂದ್ರ 2004ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ.

ನನ್ನ ಬುಡದ ರೆಸಿಸ್ಟೆನ್ಸ್ ಈಗ 24 ಓಮ್. ಮ್ಯಾಚಿಂಗ್ ಸುಲಭ. ಆಂಟೆನಾವನ್ನು ಬೇಕಾದ್ದಕ್ಕಿಂತ ಸ್ವಲ್ಪ ಮೇಲಿನ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿ, ಬುಡದಿಂದ ನೆಲಕ್ಕೆ 2.2 ಮೈಕ್ರೋಹೆನ್ರಿಯ ಪುಟ್ಟ ಕಾಯಿಲ್ ಹಾಕಿದರೆ 50 ಓಮ್ ಬರುತ್ತದೆ. 25 ಮಿ.ಮೀ. ಪೈಪ್ ಮೇಲೆ ಹತ್ತು-ಹನ್ನೊಂದು ಸುತ್ತು. ಒಣಗಾಳಿಗೆ ಕೊಳವೆಯಲ್ಲಿ ಸೇರುವ ಸ್ಟ್ಯಾಟಿಕ್ ಕೂಡ ಅದರ ಮೂಲಕವೇ ನೆಲಕ್ಕಿಳಿಯುತ್ತದೆ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಅದು ರಕ್ಷಣೆಯಲ್ಲ, ಕೇಬಲ್ ಬಿಚ್ಚಿ ಹೊರಗಿಡಲೇಬೇಕು.

ಮಳೆಗಾಲದಲ್ಲಿ ಸುತ್ತುಗಳ ನಡುವೆ ನೀರು ನಿಂತರೆ ರೆಸೊನೆನ್ಸ್ ಕೆಳಗೆ ಜಾರುತ್ತದೆ. ಅದಕ್ಕೆ ಕಾಯಿಲ್ ಮೇಲೆ 110 ಮಿ.ಮೀ. ಪೈಪಿನ ತುಂಡನ್ನು ಮುಚ್ಚಳ ಹಾಕಿ ತೊಡಿಸಿದ್ದೇನೆ, ಕೆಳಗೆ ತೆರೆದೇ ಇದೆ, ಗಾಳಿ ಆಡುತ್ತದೆ. ಪೂರ್ತಿ ಮುಚ್ಚಿದರೆ ಒಳಗೆ ಬೆವರುತ್ತದೆ. 100 ವ್ಯಾಟ್‌ನಲ್ಲಿ ಹ್ಯಾಟ್ ಇಲ್ಲದ ನಡುವಿನ ಕಾಯಿಲ್‌ನ ಎರಡು ತುದಿಗಳ ನಡುವೆ 2000 ವೋಲ್ಟ್ ದಾಟುತ್ತದೆ, ಒದ್ದೆ ಧೂಳು ಅಲ್ಲಿ ಕೂರಬಾರದು. ಯಾರೂ ಮುಟ್ಟದ ಎತ್ತರದಲ್ಲಿರುವುದು ನಡುವಿನ ಕಾಯಿಲ್‌ನ ಇನ್ನೊಂದು ಅನುಕೂಲ. ಬುಡದ ಕಾಯಿಲ್ ಆದರೆ ಮಕ್ಕಳ ಕೈಗೆ ಸಿಗದ ಹಾಗೆ ಪೆಟ್ಟಿಗೆ ಮಾಡಲೇಬೇಕು.

160 ಮೀಟರ್ ಬ್ಯಾಂಡಿಗೆ ಇದೇ ಕಂಬ ಸಾಲುತ್ತದಾ ಅಂತ ಕೇಳುವವರಿಗೆ: ಬುಡದ ಕಾಯಿಲ್‌ನಲ್ಲಿ ರೇಡಿಯೇಷನ್ ರೆಸಿಸ್ಟೆನ್ಸ್ 1.2 ಓಮ್, ನಮ್ಮಂಥ ನೆಲದಲ್ಲಿ 100 ವ್ಯಾಟ್‌ಗೆ 5 ವ್ಯಾಟ್ ಹೊರಗೆ ಹೋದರೆ ಹೆಚ್ಚು. ನಾನಾದರೆ ತುದಿಯಿಂದ ಮಹಡಿಯ ಎರಡು ಮೂಲೆಗಳ ಕಡೆಗೆ ಸಾಧ್ಯವಾದಷ್ಟು ಮಟ್ಟಸವಾಗಿ ಉದ್ದ ತಂತಿಗಳನ್ನು ಎಳೆದು, ನಡುವಿನ ಕಾಯಿಲ್ ತೆಗೆದು, ಚಿಕ್ಕದೊಂದನ್ನು ಬುಡದಲ್ಲೇ ಇಡುತ್ತೇನೆ. ಅಲ್ಲಿ ಮೇಲೇರಿಸಬೇಕಾದ್ದು ತಂತಿಯನ್ನು, ಕಾಯಿಲನ್ನಲ್ಲ.