ಕೂಸಿಗೆ ವಾಂತಿ ಭೇದಿ: ಮೊದಲ ರಾತ್ರಿ ಮನೆಯಲ್ಲಿ ಮಾಡಬೇಕಾದದ್ದು

ಧಾರವಾಡದ ನಮ್ಮ ಓಣಿಯಲ್ಲಿ ಕಳೆದ ಚಳಿಗಾಲದ ಒಂದು ರಾತ್ರಿ ಹತ್ತು ತಿಂಗಳ ಕೂಸಿಗೆ ವಾಂತಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಎಂಟು ಸಲ ನೀರಿನಂಥ ಭೇದಿ. ಹಲ್ಲು ಬರುವಾಗ ಇದೆಲ್ಲ ಸಹಜ ಎಂದರು ಅಜ್ಜಿ. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ ಎಂದು ಕುಡಿಸುವುದನ್ನೇ ನಿಲ್ಲಿಸಿದ್ದರು. ನಾನು ಹೋಗಿ ನೋಡಿದಾಗ ಕೂಸು ಅಳುತ್ತಿತ್ತು, ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ನೆತ್ತಿಯ ಮೆತ್ತನೆಯ ಭಾಗ ಕುಳಿ ಬಿದ್ದಿತ್ತು. ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಿದ ಮೇಲೆ ಉಳಿಯಿತು.

ಹಲ್ಲಿಗೂ ಈ ಭೇದಿಗೂ ಸಂಬಂಧವಿಲ್ಲ. ಎಳೆಯ ಮಕ್ಕಳಲ್ಲಿ ಇದನ್ನು ತರುವುದು ಹೆಚ್ಚಾಗಿ ವೈರಸ್. ರೋಟಾ ವೈರಸ್ ಅವುಗಳಲ್ಲಿ ಮುಖ್ಯವಾದುದು. 1973ರಲ್ಲಿ ಪತ್ತೆಯಾಯಿತು, ಗಾಲಿಯಂತೆ ಕಾಣುವುದರಿಂದ ಆ ಹೆಸರು ಬಂತು. ನೋರೋ, ಅಡೆನೋ, ಆಸ್ಟ್ರೋ ವೈರಸ್‌ಗಳೂ ಇವೆ. ಇವು ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಕೊಡುತ್ತವೆ, ಕರುಳು ನೀರನ್ನು ಹೀರಲಾರದಾಗುತ್ತದೆ. ಆಗಲೂ ಸಕ್ಕರೆ ಮತ್ತು ಉಪ್ಪು ಸರಿಯಾದ ಪ್ರಮಾಣದಲ್ಲಿ ಜೊತೆಯಾಗಿ ಬಂದರೆ ಕರುಳು ಅವನ್ನು ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಸಕ್ಕರೆ, ಉಪ್ಪು ಅಳತೆಯಲ್ಲಿ ಬೆರೆತಿರುವ ಪುಡಿಯಾದ ಓಆರ್‌ಎಸ್ ಕೆಲಸ ಮಾಡುವುದು ಹೀಗೆ.

ಮೊದಲು ಅಳತೆ

ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಓಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿ. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ. ತಂಬಿಗೆಯ ಅಂದಾಜು ಬೇಡ, ಲೀಟರ್ ಬಾಟಲಿಯಲ್ಲೇ ಅಳೆಯಿರಿ. ದೊಡ್ಡ ಪೊಟ್ಟಣದಿಂದ ಚಿಟಿಕೆ ಚಿಟಿಕೆ ತೆಗೆದು ಲೋಟದಲ್ಲಿ ಕದಡುವವರನ್ನು ನೋಡಿದ್ದೇನೆ. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ, ಕಡಿಮೆಯಾದರೆ ಫಲವಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಇಡೀ ಪೊಟ್ಟಣವನ್ನು ಕಲಸಿ, 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಅಂಗಡಿಯ ಸಿಹಿ ಪಾನೀಯ, ಹಣ್ಣಿನ ರಸದ ಪೊಟ್ಟಣ ಇದರ ಬದಲಿಯಾಗಲಾರವು. ಅತಿ ಸಕ್ಕರೆ ಭೇದಿಯನ್ನೇ ಹೆಚ್ಚಿಸುತ್ತದೆ.

ಆಮೇಲೆ ಚಮಚ

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ. ಒಮ್ಮೆಲೇ ಲೋಟ ಹಿಡಿಯಬೇಡಿ. ಕೂಸನ್ನು ತೊಡೆಯ ಮೇಲೆ ತುಸು ಎತ್ತರಿಸಿ ಕೂರಿಸಿಕೊಂಡು, ಒಂದೆರಡು ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರು ಮಾಡಿ. ತೋಳು ನೋಯುತ್ತದೆ, ನಿದ್ದೆ ಕೆಡುತ್ತದೆ. ಮನೆಯವರು ಸರದಿಯಲ್ಲಿ ಕೂರಿ, ತಾಯಿಯೊಬ್ಬಳ ಮೇಲೆ ಬಿಡಬೇಡಿ.

ಎದೆಹಾಲನ್ನು ಎಂದಿಗೂ ನಿಲ್ಲಿಸಬಾರದು. ಊಟ ಮಾಡುವ ಮಗುವಿಗೆ ಗಂಜಿ, ಮೆತ್ತಗಿನ ಮೊಸರನ್ನ, ಬಾಳೆಹಣ್ಣು ಆಗುತ್ತದೆ. ಉಪವಾಸ ಹಾಕಿದರೆ ಕರುಳು ಚೇತರಿಸಿಕೊಳ್ಳುವುದು ತಡವಾಗುತ್ತದೆ. ಜೊತೆಗೆ ಝಿಂಕ್ ಮಾತ್ರೆ ಹದಿನಾಲ್ಕು ದಿನ: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಮೇಲೆ 20. ಭೇದಿ ನಿಂತರೂ ಪೂರ್ತಿ ಕೊಡಿ. ಓಆರ್‌ಎಸ್, ಝಿಂಕ್ ಎರಡೂ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ದೊರೆಯುತ್ತವೆ.

ಆ್ಯಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಮುರಿದು ಕೂಸಿಗೆ ಕೊಡುವುದಂತೂ ಅಪಾಯಕಾರಿ. ಇವೆರಡನ್ನೂ ಔಷಧ ಅಂಗಡಿಯಲ್ಲಿ ಕೇಳಿ ತರಬೇಡಿ.

ಕಾಯಬಾರದ ಹೊತ್ತು

ಕೂಸು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಕುಡಿಯಲು ಒಲ್ಲದಿದ್ದರೆ, ಕಣ್ಣು ಗುಳಿ ಬಿದ್ದರೆ, ಆರು ತಾಸು ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಮರಳಿದರೆ ಆಗಲೇ ಹೊರಡಿ. ಎರಡು ತಿಂಗಳೊಳಗಿನ ಕೂಸಾದರೆ ಈ ಲಕ್ಷಣಗಳಿಗೂ ಕಾಯಬೇಡಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯಾಗಲಿ, ಗದಗ, ಹಾವೇರಿಯ ಜಿಲ್ಲಾ ಆಸ್ಪತ್ರೆಗಳಾಗಲಿ, ಕೂಸು ಎಚ್ಚರವಿದ್ದು ನುಂಗುತ್ತಿದ್ದರೆ ದಾರಿಯುದ್ದಕ್ಕೂ ಚಮಚ ನಿಲ್ಲದಿರಲಿ.

ಮನೆಯ ಇತರ ಮಕ್ಕಳಿಗೆ

ಮಲಪ್ರಭೆಯ ನೀರು ಹಲವು ದಿನಕ್ಕೊಮ್ಮೆ ನಲ್ಲಿಗೆ ಬರುವ ಬಡಾವಣೆಗಳು ಅವಳಿ ನಗರದಲ್ಲಿ ಇನ್ನೂ ಇವೆ. ಹೀಗಾಗಿ ಬ್ಯಾರಲ್ ತುಂಬಿಸಿಡುವುದು ಅನಿವಾರ್ಯ. ಕುಡಿಯುವ ನೀರಿನ ಕೊಡಕ್ಕೆ ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟು ಇಡಿ, ಮುಚ್ಚಳ ಹಾಕಿ. ಕೂಸಿನ ಬಟ್ಟೆ ಬದಲಿಸಿದ ಮೇಲೆ ಸಾಬೂನಿನಿಂದಲೇ ಕೈ ತೊಳೆಯಿರಿ. ನೋರೋ ವೈರಸ್‌ಗೆ ಸ್ಯಾನಿಟೈಸರ್ ಸಾಲದು.

ರೋಟಾ ವೈರಸ್‌ಗೆ ಲಸಿಕೆ ಇದೆ, ಬಾಯಿಗೆ ಹಾಕುವ ಹನಿ. 2016ರಿಂದ ಹಂತಹಂತವಾಗಿ ದೇಶದ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ. 6, 10, 14ನೇ ವಾರಗಳಲ್ಲಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಈ ಮೂರು ಸಾಲುಗಳು ತುಂಬಿವೆಯೇ ಎಂದು ಇಂದೇ ತೆಗೆದು ನೋಡಿ.