ಜಾಕೆಟ್ಟೋ, ವಿಂಗೋ? ನಾನು ಬಿಸಿಡಿ ಆರಿಸಿಕೊಂಡ ಬಗೆ

ಸ್ಕೂಬಾ ಕಲಿತು ಬಂದ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರು ಮಾಸ್ಕ್, ಕಾಲಿಗೆ ಹಾಕುವ ಫಿನ್ ಕೊಂಡ ಮೇಲೆ ಕೇಳುವುದು ಒಂದೇ: ಬಿಸಿಡಿ ಯಾವುದು ತಗೊಳ್ಳಲಿ? ಬಿಸಿಡಿ ಅಂದರೆ ತೇಲುವುದು-ಮುಳುಗುವುದನ್ನು ಹಿಡಿತದಲ್ಲಿಡುವ, ಮೈಗೆ ತೊಡುವ ಸಲಕರಣೆ; ಗಾಳಿಯ ಸಿಲಿಂಡರನ್ನು ಕಟ್ಟುವುದೂ ಇದಕ್ಕೇ. ಅದರ ಚೀಲಕ್ಕೆ ಗಾಳಿ ತುಂಬಿ, ಬಿಟ್ಟು, ಬೇಕಾದ ಆಳದಲ್ಲಿ ನಿಲ್ಲುತ್ತೇವೆ. ಇದರಲ್ಲಿ ಮೂರು ಬಗೆ: ನಾನು ಜಾಕೆಟ್‌ನಲ್ಲಿ ಕಲಿತೆ, ಸೈಡ್‌ಮೌಂಟ್ ಹಾಕಿ ನೋಡಿದೆ, ಈಗ ಬೆನ್ನಿಗೆ ಸ್ಟೀಲ್ ಪ್ಲೇಟ್ ಮತ್ತು ಅದರ ಹಿಂದಿನ ಗಾಳಿಚೀಲ, ಅಂದರೆ ವಿಂಗ್, ಬಳಸುತ್ತೇನೆ. ನನ್ನನ್ನು ಕೇಳಿದರೆ ಮೊದಲು, ಮುಳುಗಲು ಮೈಗೆ ಕಟ್ಟಿಕೊಳ್ಳುವ ಸೀಸದ ತೂಕದ ಲೆಕ್ಕ ಮಾಡಿ, ಆಮೇಲೆ ಅಂಗಡಿ ನೋಡಿ.

ಸಾಮಾನ್ಯವಾಗಿ ಕೈಗೆ ಸಿಗುವುದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್ (ಒತ್ತಡದ ಅಳತೆ) ತುಂಬಿದಾಗ ಅದರೊಳಗಿನ ಗಾಳಿಯೇ ಎರಡೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. 50 ಬಾರ್‌ಗೆ ಬರುವಷ್ಟರಲ್ಲಿ ಅದರಲ್ಲಿ ಸುಮಾರು ಎರಡು ಕಿಲೋ ಹೋಗಿರುತ್ತದೆ, ಮೊದಲು ಮುಳುಗುತ್ತಿದ್ದ ಸಿಲಿಂಡರ್ ಈಗ ತೇಲಲು ನೋಡುತ್ತದೆ. ಇನ್ನೊಂದು ಕಡೆ ಮೈ ಬೆಚ್ಚಗಿಡುವ ರಬ್ಬರಿನ ವೆಟ್‌ಸೂಟ್. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು, ಹಾಗಾಗಿ ಸೂಟ್‌ನೊಳಗಿನ ಗುಳ್ಳೆಗಳು ಕುಗ್ಗುತ್ತವೆ, ಅದು ಎತ್ತುವ ಶಕ್ತಿ ಕಡಿಮೆಯಾಗುತ್ತದೆ. ಬಿಸಿಡಿ ಸರಿದೂಗಿಸಬೇಕಾದ್ದು ಮುಖ್ಯವಾಗಿ ಇವೆರಡನ್ನೇ. ನಮ್ಮ ಕರಾವಳಿಯ ಬೆಚ್ಚನೆಯ ನೀರಿಗೆ 3 ಮಿಲಿಮೀಟರ್ ಸೂಟ್ ಸಾಕು. ಅದಕ್ಕೆ ಸುಮಾರು 13 ಕಿಲೋ ಎತ್ತುವ ಸಣ್ಣ ವಿಂಗ್ ಧಾರಾಳವಾಯಿತು. ಇರಲಿ ಅಂತ ಸುಮ್ನೆ ದೊಡ್ಡದು ತಗೊಂಡರೆ ಖಾಲಿ ಬಟ್ಟೆ ನೀರಿಗೆ ಅಡ್ಡ ಬರುತ್ತದೆ, ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.

ಸೀಸ ಸರಿ ಇದೆಯಾ ಅಂತ ನೋಡುವುದು ಹೀಗೆ. ಡೈವ್ ಮುಗಿಯುವಾಗ 50 ಬಾರ್ ಉಳಿದಿರಲಿ, ಮೇಲೆ ಬರುವ ಮುಂಚೆ ಸುರಕ್ಷತೆಗೆಂದು 5 ಮೀಟರಿನಲ್ಲಿ ನಿಲ್ಲುತ್ತೇವಲ್ಲ, ಅಲ್ಲಿ ಬಿಸಿಡಿ ಖಾಲಿ ಮಾಡಿ ಮೆಲ್ಲಗೆ ಉಸಿರಾಡುತ್ತಾ ಇರಿ. ಅಲ್ಲೇ ನಿಂತರೆ ಸರಿ. ಕೆಳಗೆ ಜಾರಿದರೆ ಮುಂದಿನ ಸಲ ಒಂದು ಕಿಲೋ ತೆಗೆಯಿರಿ. ಈಜುಕೊಳದ ಲೆಕ್ಕ ಸಮುದ್ರಕ್ಕೆ ನಡೆಯುವುದಿಲ್ಲ. ಉಪ್ಪುನೀರು ಶೇಕಡಾ ಎರಡೂವರೆಯಷ್ಟು ಭಾರ, ಸಲಕರಣೆ ಎಲ್ಲ ಸೇರಿ ನೀವು 100 ಕಿಲೋ ಇದ್ದರೆ ಸುಮಾರು ಎರಡೂವರೆ ಕಿಲೋ ಸೀಸ ಹೆಚ್ಚು ಬೇಕಾಗುತ್ತದೆ.

ಜಾಕೆಟ್ಟನ್ನು ನಾನು ಹೀಗಳೆಯುವುದಿಲ್ಲ. ಗಾಳಿ ಪಕ್ಕೆಗಳ ಸುತ್ತಲೂ ತುಂಬುವುದರಿಂದ ನೀರಿನ ಮೇಲೆ ಆರಾಮಾಗಿ ನೆಟ್ಟಗೆ ನಿಲ್ಲಿಸುತ್ತದೆ, ಹೊಸಬರಿಗೆ ಆ ಧೈರ್ಯ ಬೇಕೇ ಬೇಕು. ಜೇಬುಗಳಿವೆ, ಬಾಡಿಗೆಗೆ ಎಲ್ಲೆಡೆ ಸಿಗುತ್ತದೆ. ನನ್ನ ಮಗಳು ಈಗಲೂ ಅದನ್ನೇ ಹಾಕುತ್ತಾಳೆ, ಸರಿಯಾಗೇ ಇದೆ. ಆದರೆ ತುಂಬಿದಾಗ ಎದೆ ಬಿಗಿಯುತ್ತದೆ. ಒಳಗಿನ ಮೆತ್ತೆ ತಾನೇ ತೇಲುವುದರಿಂದ ಅದನ್ನು ಮುಳುಗಿಸಲೂ ಒಂದಿಷ್ಟು ಸೀಸ ಹೊರಬೇಕು. ಸೀಸವೆಲ್ಲ ಸೊಂಟದಲ್ಲಿ, ಗಾಳಿ ಮೇಲೆ, ಹೀಗಾದಾಗ ಕಾಲು ಇಳಿಯುತ್ತದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಂಡೆಗಳ ಹತ್ತಿರ ಕಾಲು ಇಳಿಯಿತೆಂದರೆ ಫಿನ್ ಹವಳಕ್ಕೆ ಬಡಿಯುತ್ತದೆ. ವರ್ಷಗಟ್ಟಲೆ ಬೆಳೆದದ್ದು ಒಂದು ಏಟಿಗೆ ಮುರಿಯುತ್ತದೆ, ಅದನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಬಾಡಿಗೆ ಜಾಕೆಟ್ಟೇ ಇದ್ದರೂ ಪರವಾಗಿಲ್ಲ, ಒಂದೆರಡು ಕಿಲೋ ಸೀಸವನ್ನು ಸೊಂಟದಿಂದ ತೆಗೆದು ಸಿಲಿಂಡರಿನ ಪಟ್ಟಿಗೆ ಹಾಕಿಸಿಕೊಳ್ಳಿ, ಕಾಲು ತಾನಾಗಿ ಮೇಲೆ ಬರುತ್ತದೆ.

ವಿಂಗ್‌ನಲ್ಲಿ ಗಾಳಿ ಬೆನ್ನ ಹಿಂದೆ ಮಾತ್ರ, ಎದೆ ಪೂರ್ತಿ ಖಾಲಿ. ಲೋಹದ ಪ್ಲೇಟಿಗೆ ಉದ್ದನೆಯ ಒಂದೇ ಪಟ್ಟಿಯನ್ನು ಪೋಣಿಸಿ, ಹೆಗಲು-ಸೊಂಟಕ್ಕೆ ಕಟ್ಟುವ ಹಾರ್ನೆಸ್ ಮಾಡುತ್ತಾರೆ. ಫ್ಲಾರಿಡಾದ ಗುಹೆ ಡೈವರ್‌ಗಳಿಂದ ಹರಡಿದ ಪದ್ಧತಿ ಇದು. ಸ್ಟೀಲ್ ಪ್ಲೇಟ್ ಎರಡೂವರೆಯಿಂದ ಮೂರು ಕಿಲೋ ಇರುತ್ತದೆ, ಅಷ್ಟೇ ಸೀಸ ಸೊಂಟದಿಂದ ಇಳಿದು ಬೆನ್ನಿಗೆ ಹೋಯಿತು, ನೀರಿನಲ್ಲಿ ಚಾಪೆ ಹಾಸಿದ ಹಾಗೆ ಅಡ್ಡಕ್ಕೆ ಮಲಗುತ್ತೇನೆ. ನನಗೆ ಸ್ಟೀಲ್ ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಕಾರಿನಲ್ಲೇ ಮುರ್ಡೇಶ್ವರಕ್ಕೆ ಹೋಗುತ್ತೇನೆ, ಡಿಕ್ಕಿಯಲ್ಲಿ ಮೂರು ಕಿಲೋ ಯಾವ ಲೆಕ್ಕ? ಅಂಡಮಾನ್‌ಗೆ ವಿಮಾನದಲ್ಲಿ ಹೋಗುವವರು ಅಲ್ಯೂಮಿನಿಯಂ ಪ್ಲೇಟ್ ನೋಡಲಿ, ಲಗೇಜಿಗೆ ಹಗುರ. ವಿಂಗ್‌ನಲ್ಲಿ ಒಂದು ಎಚ್ಚರಿಕೆ ಬೇಕು: ಮೇಲೆ ಬಂದಾಗ ಗಟ್ಟಿಯಾಗಿ ಊದಿದರೆ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಬೇಕಾದಷ್ಟೇ ತುಂಬಿ, ಸ್ವಲ್ಪ ಹಿಂದಕ್ಕೆ ಒರಗಿ.

ಕಾಲುಗಳ ನಡುವೆ ಹಾದುಹೋಗುವ ಕ್ರಾಚ್ ಪಟ್ಟಿ ಬೇಡ ಅನ್ನುವವರೇ ಜಾಸ್ತಿ, ಆದರೆ ಅದಿಲ್ಲದೆ ಪ್ಲೇಟ್ ಕುತ್ತಿಗೆಯ ಕಡೆ ಸರಿಯುತ್ತದೆ. ನನ್ನದು ಉದ್ದವಾಗಿತ್ತು. ದುರ್ಗದಬೈಲ್ ಹತ್ತಿರ ಬ್ಯಾಗ್ ಹೊಲಿಯುವವರ ಹತ್ತಿರ ಒಯ್ದೆ. "ಇದು ಯಾವ ಕುದುರಿಗೆ ರೀ?" ಅಂತ ಕೇಳಿ, ನೈಲಾನ್ ದಾರದಲ್ಲಿ ಅಡ್ಡಡ್ಡ ಹೊಲಿಗೆ ಹಾಕಿಕೊಟ್ಟರು. ಇವತ್ತಿಗೂ ಬಿಚ್ಚಿಲ್ಲ.

ಸೈಡ್‌ಮೌಂಟ್‌ನಲ್ಲಿ ಸಿಲಿಂಡರ್‌ಗಳು ಪಕ್ಕಕ್ಕೆ. ಬೆನ್ನುನೋವಿನವರು ನೀರಿಗಿಳಿದ ಮೇಲೆ ಕಟ್ಟಿಕೊಳ್ಳಬಹುದು, ಇಕ್ಕಟ್ಟಾದ ಗುಹೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಹತ್ತಾರು ಜನ ತುಂಬಿದ ನೇತ್ರಾಣಿ ದೋಣಿಯಲ್ಲಿ ಅದೆಲ್ಲ ಹೊಂದಿಸಿಕೊಳ್ಳಲು ಜಾಗ, ಸಮಯ ಎರಡೂ ಸಿಗುವುದಿಲ್ಲ. ಅದಕ್ಕೇ ಬಿಟ್ಟೆ.

ಯಾವುದೇ ತಗೊಳ್ಳಿ, ತೊಳೆಯುವುದನ್ನು ಮಾತ್ರ ತಪ್ಪಿಸಬೇಡಿ. ಚೀಲದೊಳಗೆ ಉಪ್ಪು ಒಣಗಿದರೆ ಹರಳುಗಳು ಒಳಪದರವನ್ನು ಸವೆಸುತ್ತವೆ. ಬಾಯಿಂದ ಊದುವ ಕೊಳವೆಯಲ್ಲಿ ಸಿಹಿನೀರು ಹೊಯ್ದು, ಊದಿ, ಎಲ್ಲ ಕಡೆ ಕುಲುಕಿ, ತಲೆಕೆಳಗು ಮಾಡಿ ಚೆಲ್ಲಬೇಕು, ಎರಡು ಸಲ. ನಮ್ಮಲ್ಲಿ ನಳಕ್ಕೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಬೋರ್ ನೀರೋ ಗಡಸು, ಒಣಗಿದಾಗ ಗಾಳಿ ತುಂಬುವ ಇನ್ಫ್ಲೇಟರ್ ಗುಂಡಿಯ ಮೇಲೆ ಬಿಳಿ ಪದರ ಕೂರುತ್ತದೆ. ಹೊರಡುವ ಮುಂಚೆಯೇ ಒಂದು ಡ್ರಮ್ ಮಲಪ್ರಭೆ ನೀರು ಹಿಡಿದಿಟ್ಟು ಹೋಗುತ್ತೇನೆ. ತೊಳೆದ ಮೇಲೆ ಅರ್ಧ ಗಾಳಿ ತುಂಬಿ ನೆರಳಿನಲ್ಲಿ ತೂಗುಹಾಕಿ, ಬಿಸಿಲಿಗೆ ಬೇಡ.